ನೀರು ತಿಳಿಯಾಗಿಯೇ ಇತ್ತು

ಟಿಟ್ವಾಳಾದ ಜಯಲತಾಳ ಮನೆಯಲ್ಲಿ ಆ ದಿನ ಬೆಳಿಗ್ಗೆ ಮತ್ತೆ ಅದೇ ಗೋಳು. ಯೂನಿಫಾರ್ಮ್ ಹಾಕಿಸಿಕೊಳ್ಳುತ್ತಾ ಇದ್ದ ಮಗಳು ತನ್ವಿ ಅಮ್ಮನ ಸೊಂಟ ಹಿಡಿದು ಬಗ್ಗಿ ನಿಂತಳು.

"ಮಮ್ಮಿ, ಪೋಟ್ ದುಖತಂಯ್."

ಹೊಟ್ಟೆನೋವು. ತನ್ವಿಗೆ ಐದು ವರ್ಷ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲ ತುಳು, ಕನ್ನಡ ಮಾತಾಡುತ್ತಾರೆ. ಅವಳ ಉತ್ತರ ಮಾತ್ರ ಮರಾಠಿಯಲ್ಲಿ. ಮಳೆ ಶುರುವಾದ ಮೇಲೆ ಅವಳಿಗೆ ಹೊಟ್ಟೆ ಕೆಟ್ಟದ್ದು ಇದು ಮೂರನೇ ಸಲ. ಜಯಲತಾ ಯೂನಿಫಾರ್ಮ್ ಬಿಚ್ಚಿ ಮಡಚಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಮಗು ನೀರುನೀರಾಗಿ ಭೇದಿ ಮಾಡಿ ಸೋತುಹೋಗಿತ್ತು.

ಯಾಕೆ ಹೀಗೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಜಯಲತಾಳ ಗಂಡ ಲೀಲಾಧರ ಮಹಾಪೆಯ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್, ವೇಟರುಗಳ ಮೇಲ್ವಿಚಾರಕ. ಬೆಳಕು ಹರಿಯುವ ಮುಂಚೆ ಲೋಕಲ್ ಟ್ರೈನ್ ಹಿಡಿದು ಹೋಗುವವನು. ಫೋನಿನಲ್ಲೇ ತೀರ್ಮಾನ ಹೇಳಿಬಿಟ್ಟ. "ಶಾಲೆಯ ಗೇಟಿನ ಹತ್ತಿರ ಆ ಬಣ್ಣದ ಐಸು, ಬರ್ಫ್ ಗೋಲಾ ತಿಂದಿರಬೇಕು. ನೀನು ಅವಳ ಕೈಗೆ ಚಿಲ್ಲರೆ ಕೊಡಬೇಡ."

"ನಾನೆಲ್ಲಿ ಕೊಟ್ಟೆ?" ಅಂದಳು ಜಯಲತಾ. ಫೋನ್ ಕಟ್ಟಾಗಿತ್ತು.

ಅತ್ತೆ ಅಪ್ಪಿಯವರದು ಬೇರೆ ಮಾತು. "ನಿನ್ನೆ ಗಣಪತಿ ದೇವಸ್ಥಾನಕ್ಕೆ ಹೊಸ ಫ್ರಾಕ್ ಹಾಕಿ ಕರ್ಕೊಂಡು ಹೋಗಿದ್ದೆಯಲ್ಲ. ಯಾರದೋ ಕಣ್ಣು ಬಿದ್ದಿದೆ ಮಗುವಿನ ಮೇಲೆ."

ಎದುರು ಮನೆಯವಳು ಬಾಗಿಲಲ್ಲೇ ನಿಂತು, "ಹಲ್ಲು ಅಲುಗಾಡ್ತಾ ಇರಬೇಕು, ಅದಕ್ಕೇ" ಅಂದಳು. ಮೆಡಿಕಲ್ ಶಾಪಿನವನು ಏನೂ ಕೇಳದೆ ಭೇದಿ ನಿಲ್ಲುವ ಮಾತ್ರೆ ಕತ್ತರಿಸಿ ಕೊಟ್ಟ. ಜಯಲತಾ ಮೊಬೈಲ್ ತೆರೆದು ನೋಡಿದಳು. ಒಂದು ವಿಡಿಯೋದಲ್ಲಿ ನೀರು ಕುದಿಸಿ ಕುಡಿಯಿರಿ ಅಂತ. ಮುಂದಿನದರಲ್ಲಿ, ಕುದಿಸಿದರೆ ನೀರಿನ ಸತ್ವ ಹೋಗುತ್ತದೆ, ತಾಮ್ರದ ಪಾತ್ರೆಯಲ್ಲಿಡಿ ಅಂತ. ಮತ್ತೊಂದರಲ್ಲಿ, ಫಿಲ್ಟರ್ ಮಷಿನ್ನಿನ ನೀರು ಕುಡಿದರೆ ಮೂಳೆ ಸವೆಯುತ್ತದೆ ಅಂತ. ಎಲ್ಲರೂ ಅಷ್ಟು ಖಂಡಿತವಾಗಿ ಹೇಳುತ್ತಾರೆ! ಯಾರನ್ನು ನಂಬುವುದು?

ಎರಡನೇ ಸಲ ಮಗುವಿಗೆ ಹೀಗಾದಾಗಲೇ ಅವಳು ಗಂಡನನ್ನು ಕೇಳಿದ್ದಳು. "ನೀರಿನಿಂದ ಇರಬಹುದಾ?"

ಲೀಲಾಧರ ಗ್ಲಾಸಿನಲ್ಲಿ ನೀರು ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಎತ್ತಿ ತೋರಿಸಿದ್ದ. "ನೋಡು. ಒಂದು ಕಸ ಉಂಟಾ? ಫಿಲ್ಟರ್ ಮಷಿನ್ ಯಾಕೆ ಹಾಕಿಸಿದ್ದು ಮತ್ತೆ? ದಿನಾ ಎಷ್ಟು ಜನಕ್ಕೆ ನೀರು ಕೊಡುವವ ನಾನು. ನೀರಿನ ವಿಷಯ ನನಗೆ ಹೇಳಿಕೊಡ್ತೀಯಾ?"

ನೀರು ಹೌದು, ತಿಳಿಯಾಗಿಯೇ ಇತ್ತು. ಜಯಲತಾ ಆ ಗ್ಲಾಸನ್ನು ತೊಳೆದಿಟ್ಟಿದ್ದಳು.

ಈ ಸಲ ಸಂಜೆ ತನ್ವಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು, "ಮಮ್ಮಿ, ಪಾಣಿ ದೇ ನಾ" ಅಂದಳು. ಜಯಲತಾ ಲೋಟ ತುಂಬಿದಳು. ಅತ್ತೆ ಕೈ ಅಡ್ಡ ಹಿಡಿದರು.

"ನೀರು ಕೊಡಬೇಡ ಜಯಾ. ಕೊಟ್ಟಷ್ಟೂ ಹೊರಗೆ ಹೋಗ್ತದೆ. ಹೊಟ್ಟೆ ಖಾಲಿ ಇದ್ದರೆ ತನ್ನಷ್ಟಕ್ಕೆ ನಿಲ್ತದೆ."

"ಆದರೆ ಅತ್ತೆ, ಬಾಯಿ ಒಣಗಿದೆ ಅವಳಿಗೆ."

"ನಾನು ಮೂರು ಮಕ್ಕಳನ್ನು ಸಾಕಿದವಳು."

ಮೂರು ಮಕ್ಕಳನ್ನು ಸಾಕಿದವರ ಎದುರು ಒಂದು ಮಗುವಿನ ತಾಯಿ ಏನು ಹೇಳುವುದು? ಅತ್ತೆಗೆ ತನ್ವಿ ಅಂದರೆ ಜೀವ. ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಜಯಲತಾ ಲೋಟದ ನೀರನ್ನು ಸಿಂಕಿಗೆ ಚೆಲ್ಲಿದಳು. ಮಗು ಅಳಲಿಲ್ಲ. ಅಳುವುದಕ್ಕೂ ತ್ರಾಣ ಇರಲಿಲ್ಲ.

ಮರುದಿನ ಬೆಳಿಗ್ಗೆ ತನ್ವಿಯ ಕಣ್ಣು ಗುಳಿ ಬಿದ್ದಿತ್ತು. ಕರೆದರೆ ಕಣ್ಣು ಬಿಡುತ್ತಾಳೆ, ಮತ್ತೆ ಮುಚ್ಚುತ್ತಾಳೆ. ರಾತ್ರಿಯಿಂದ ಮೂತ್ರವೇ ಮಾಡಿರಲಿಲ್ಲ. ಜಯಲತಾ ಇನ್ನು ಯಾರನ್ನೂ ಕೇಳಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ರಿಕ್ಷಾ ಹತ್ತಿದಳು. ಸ್ಟೇಷನ್ನಿಗೆ ಬಂದು, ಗರ್ದಿಯ ಲೋಕಲಿನಲ್ಲಿ ಹೇಗೋ ನುಗ್ಗಿದಳು. ಒಬ್ಬಳು ಮೀನು ಮಾರುವ ಹೆಂಗಸು ಮಗುವಿನ ಮುಖ ನೋಡಿ ಎದ್ದು ಸೀಟು ಬಿಟ್ಟಳು. ಕಲ್ಯಾಣ್‌ನಲ್ಲಿ ಇಳಿದವಳೇ ಡಾಕ್ಟರ್ ಶರ್ಮಿಳಾ ಅವರ ಆಸ್ಪತ್ರೆಗೆ ಓಡಿದಳು.

ಶರ್ಮಿಳಾ ಮಕ್ಕಳ ಡಾಕ್ಟರು. ಉಡುಪಿ ಕಡೆಯವರು, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅವರು ತನ್ವಿಯ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಬಿಟ್ಟರು. ಚರ್ಮ ಬೇಗ ಸಮ ಆಗಲಿಲ್ಲ. ಅವರ ಮುಖ ಬಿಗಿಯಿತು. ನರ್ಸನ್ನು ಕರೆದು ಸಲೈನ್ ಹಾಕಿಸಿದರು. ಆಮೇಲೆ ಜಯಲತಾಳ ಕಡೆ ತಿರುಗಿದರು.

"ನಿನ್ನೆಯಿಂದ ಕುಡಿಯಲಿಕ್ಕೆ ಏನು ಕೊಟ್ಟಿದ್ದೀರಿ?"

"ಏನೂ ಕೊಟ್ಟಿಲ್ಲ ಡಾಕ್ಟ್ರೇ. ಕೊಟ್ಟರೆ ಜಾಸ್ತಿ ಆಗ್ತದೆ ಅಂತ..." ಜಯಲತಾಳ ಮಾತು ಅಲ್ಲಿಗೇ ನಿಂತಿತು. ಡಾಕ್ಟರ ಮುಖ ನೋಡಿಯೇ ಅವಳಿಗೆ ಅರ್ಥವಾಗಿತ್ತು.

ಡಾಕ್ಟರು ಬೈಯಲಿಲ್ಲ. ಅವಳ ಪಕ್ಕದ ಸ್ಟೂಲಿನಲ್ಲಿ ಕೂತರು. "ಇಲ್ಲಿ ಬರುವ ಹತ್ತು ತಾಯಂದಿರಲ್ಲಿ ಆರು ಜನ ಇದೇ ಹೇಳ್ತಾರೆ. ಆದರೆ ನೋಡಿ, ಭೇದಿ ಆದಾಗ ಮಗುವಿನ ಮೈಯ ನೀರು, ಉಪ್ಪು ಎರಡೂ ಹೋಗ್ತದೆ. ಮಗು ಸಾಯುವುದು ಭೇದಿಯಿಂದ ಅಂತ ಜನ ತಿಳ್ಕೊಂಡಿದ್ದಾರೆ. ಅಲ್ಲ. ಮೈ ಒಣಗಿ ಸಾಯುವುದು. ಹೋದ ನೀರನ್ನು ನಾವು ವಾಪಸ್ ತುಂಬಬೇಕು."

"ಹೇಗೆ ತುಂಬುವುದು? ಕುಡಿದದ್ದು ವಾಂತಿ ಆದರೆ?"

"ಓಆರ್‌ಎಸ್ ಪಾಕೀಟು ಸಿಗ್ತದಲ್ಲ, ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಸಬೇಕು. ಎಷ್ಟು ನೀರು ಅಂತ ಪಾಕೀಟಿನ ಮೇಲೇ ಇರ್ತದೆ, ಅಷ್ಟೇ ಹಾಕಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಆಮೇಲೆ ಚಮಚದಲ್ಲಿ, ಸ್ವಲ್ಪ ಸ್ವಲ್ಪ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಊಟ ನಿಲ್ಲಿಸಬೇಡಿ. ಗಂಜಿ, ಮೊಸರನ್ನ, ಬಾಳೆಹಣ್ಣು ಕೊಡಿ. ಝಿಂಕ್ ಮಾತ್ರೆ ಬರೆದು ಕೊಡ್ತೇನೆ, ಭೇದಿ ನಿಂತಿತು ಅಂತ ಅರ್ಧಕ್ಕೆ ಬಿಡಬೇಡಿ. ಮತ್ತೆ ಮೆಡಿಕಲ್ ಶಾಪಿನಲ್ಲಿ ಕೊಡುವ ಭೇದಿ ನಿಲ್ಲುವ ಮಾತ್ರೆ, ಮಕ್ಕಳಿಗೆ ನೀವಾಗಿ ಯಾವತ್ತೂ ಕೊಡಬೇಡಿ."

ಜಯಲತಾ ತಲೆ ಆಡಿಸಿದಳು. ಕೆನ್ನೆ ಒದ್ದೆಯಾಗಿತ್ತು. ಇಷ್ಟು ಸುಲಭದ ಮಾತು ನನಗೆ ಯಾಕೆ ಯಾರೂ ಹೇಳಲಿಲ್ಲ ಅಂತ ಅವಳಿಗೆ ಅನಿಸಿತು.

ಮಧ್ಯಾಹ್ನ ಲೀಲಾಧರ ಓಡಿ ಬಂದ. ಹೋಟೆಲಿನ ಯೂನಿಫಾರ್ಮಿನಲ್ಲೇ, ಮಹಾಪೆಗೆ ಹತ್ತಿರದ ಸ್ಟೇಷನ್ ಕೋಪರ್‌ಖೈರಣೆಯಿಂದ ಥಾಣೆಗೆ, ಅಲ್ಲಿಂದ ಕಲ್ಯಾಣ್‌ಗೆ ಟ್ರೈನ್ ಬದಲಾಯಿಸಿ ಬಂದಿದ್ದ. ಮಗಳ ಕೈಗೆ ಸೂಜಿ ಚುಚ್ಚಿದ್ದು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಗೋಲಾ ತಿಂದಿರಬೇಕು ಡಾಕ್ಟ್ರೇ," ಅಂದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ನೀವಿರುವುದು ಯಾವ ಬಿಲ್ಡಿಂಗ್?" ಅಂತ ಕೇಳಿದರು ಶರ್ಮಿಳಾ.

ಅವನು ಹೆಸರು ಹೇಳಿದ. ಡಾಕ್ಟರು ಹುಬ್ಬು ಗಂಟಿಕ್ಕಿದರು. "ಈ ಮಳೆಗಾಲದಲ್ಲಿ ಅದೇ ಬಿಲ್ಡಿಂಗಿನ ಐದನೇ ಮಗು ಇದು. ಒಂದಕ್ಕೆ ಟೈಫಾಯ್ಡ್, ಒಂದಕ್ಕೆ ಕಾಮಾಲೆ. ಎಲ್ಲ ಮಕ್ಕಳೂ ಒಂದೇ ಗೋಲಾ ತಿಂದಿಲ್ಲ ಲೀಲಾಧರ್. ಎಲ್ಲರೂ ಸೇರಿ ಬಳಸುವುದು ಒಂದೇ ವಸ್ತು. ನೀರು."

"ನಮ್ಮಲ್ಲಿ ಮಷಿನ್ ಉಂಟು."

"ಇರಬಹುದು. ನಾನು ಮಕ್ಕಳ ಡಾಕ್ಟರು. ನೀರಿನಲ್ಲಿ ಏನಿದೆ ಅಂತ ನೋಡದೆ ಹೇಳಲಿಕ್ಕೆ ನನಗೂ ಆಗುವುದಿಲ್ಲ. ನೋಡುವವರನ್ನು ಕರ್ಕೊಂಡು ಬರ್ತೇನೆ. ಭಾನುವಾರ ಬಿಲ್ಡಿಂಗಿನವರನ್ನು ಸೇರಿಸಿ."

ತನ್ವಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಭಾನುವಾರ ಡಾಕ್ಟರ ಜೊತೆ ಬಂದವರು ಯಜ್ಞೇಶ್ವರ ರಾಯರು. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಈಗ ಶರ್ಮಿಳಾ ಅವರ ಜೊತೆ ಸೇರಿ ಥಾಣೆ, ಡೊಂಬಿವಲಿ, ಕಳಂಬೋಲಿ ಅಂತ ಹೌಸಿಂಗ್ ಸೊಸೈಟಿಗಳಿಗೆ, ಶಾಲೆಗಳಿಗೆ ಹೋಗಿ ನೀರಿನ ಬಗ್ಗೆ ಹೇಳುತ್ತಾರೆ. ಕೇಳದವರ ಬಾಗಿಲಿಗೆ ಮತ್ತೆ ಮತ್ತೆ ಹೋಗುತ್ತಾರೆ.

ಪಾರ್ಕಿಂಗ್ ಜಾಗದಲ್ಲಿ ಜನ ಸೇರಿದರು. ಸೊಸೈಟಿಯ ಸೆಕ್ರೆಟರಿ ಲಕ್ಷ್ಮೀಕಾಂತ ವಿಜಯಪುರದ ಕಡೆಯವರು. ಅವರಿಗೆ ಈ ಸಭೆ ಹಿಡಿಸಿರಲಿಲ್ಲ.

"ನಮ್ಮ ನೀರಿಗೆ ಏನೂ ಆಗಿಲ್ಲ ಬಿಡ್ರಿ ಸಾಹೇಬ್ರ. ದೀಪಾವಳಿಗೆ ನೀರಿನ ಟಾಕಿ ತೊಳಸೇವಿ. ಸುಮ್ನ ಹೆಸರು ಕೆಡತದ. ನಾಳಿ ಈ ಬಿಲ್ಡಿಂಗಿಗೆ ಬಾಡಗಿಗೆ ಯಾರ ಬರ್ತಾರ?"

"ನಿಮ್ಮ ನೀರು ಕೆಟ್ಟಿದೆ ಅಂತ ನಾನೂ ಹೇಳಿಲ್ಲವಲ್ಲ," ಅಂದರು ರಾಯರು. ಚೀಲದಿಂದ ಬೆರಳುದ್ದದ ಕೆಲವು ಬಾಟ್ಲಿಗಳನ್ನು ತೆಗೆದರು. "ಇದರೊಳಗೆ ಒಂದು ಔಷಧಿ ಹಾಕಿದೆ. ನೀರು ತುಂಬಿಸಿ, ಮುಚ್ಚಿ, ಬೆಚ್ಚಗಿರುವ ಕಡೆ ಇಡಬೇಕು. ಮಲದ ಜೊತೆ ಬರುವ ಕ್ರಿಮಿ ನೀರಿನಲ್ಲಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗ್ತದೆ. ಕಪ್ಪಾದರೆ ಆ ನೀರು ಕುಡಿಯಬಾರದು. ಆಗದಿದ್ದರೆ ನಾನು ನಿಮಗೆಲ್ಲ ಚಹಾ ಕುಡಿಸಿ ಹೋಗ್ತೇನೆ."

ಮಲ ಅಂದ ಕೂಡಲೇ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಜಯಲತಾಳ ಮನಸ್ಸಿನಲ್ಲಿ ಗೊಂದಲ. ತಿಳಿ ನೀರಿನಲ್ಲಿ ಮಲ ಹೇಗೆ? ವಾಸನೆ ಬರುವುದಿಲ್ಲವಾ?

ರಾಯರು ಐದು ಕಡೆಯ ನೀರು ತೆಗೆದರು. ಹೊರಗಿನಿಂದ ಬರುವ ಪೈಪಿಗೆ ಕಂಪೌಂಡಿನಲ್ಲಿ ಒಂದು ನಲ್ಲಿ ಇತ್ತು, ಅದರಿಂದ ಒಂದು. ನೆಲದ ಕೆಳಗಿನ ಟಾಕಿಯಿಂದ ಒಂದು. ಮೇಲಿನ ಟಾಕಿಯಿಂದ ಒಂದು. ಆಮೇಲೆ ಜಯಲತಾಳ ಮನೆಯ ಮಷಿನ್ನಿನಿಂದ ಒಂದು, ಮಷಿನ್ ನೀರು ತುಂಬಿಡುವ ಸ್ಟೀಲ್ ಕೊಡದಿಂದ ಒಂದು. ಬಾಟ್ಲಿಗಳ ಮೇಲೆ ಹೆಸರು ಬರೆದು ಲಕ್ಷ್ಮೀಕಾಂತರ ಆಫೀಸಿನ ಕಪಾಟಿನಲ್ಲೇ ಇಟ್ಟರು. "ನಿಮ್ಮ ಬೀಗ, ನಿಮ್ಮ ಕೀಲಿ," ಅಂದರು.

ಮಂಗಳವಾರ ಕಪಾಟು ತೆರೆದಾಗ ಲಕ್ಷ್ಮೀಕಾಂತರೇ ಒಂದು ಹೆಜ್ಜೆ ಹಿಂದೆ ಸರಿದರು. ಎರಡು ಟಾಕಿಗಳ ನೀರೂ ಡಾಂಬರಿನ ಹಾಗೆ ಕಪ್ಪಾಗಿತ್ತು. ಹೊರಗಿನ ನಲ್ಲಿಯದು ಹಾಗೇ ಇತ್ತು. ಮಷಿನ್ನಿನದೂ ಹಾಗೇ ಇತ್ತು.

"ನಾನು ಹೇಳಲಿಲ್ವಾ!" ಅಂದ ಲೀಲಾಧರ. "ಮಷಿನ್ ನೀರು ಸರಿ ಉಂಟು."

ರಾಯರು ಐದನೇ ಬಾಟ್ಲಿ ಅವನ ಕೈಗೆ ಕೊಟ್ಟರು. ಕೊಡದ ನೀರು. ಅದೂ ಕಪ್ಪು.

ಲೀಲಾಧರ ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಹೇಗೆ? ಮಷಿನ್ನಿನಿಂದ ನೇರ ಕೊಡಕ್ಕೇ ಹಾಕುವುದು."

"ಕೊಡದಿಂದ ನೀರು ತೆಗೆಯುವುದು ಹೇಗೆ?"

ಅತ್ತೆ ಅಪ್ಪಿ ಅಲ್ಲೇ ನಿಂತಿದ್ದರು. "ಲೋಟ ಮುಳುಗಿಸಿ ತೆಗೆಯುವುದು. ಮತ್ತೆ ಹೇಗೆ?" ಅಂದವರು, ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಗಾಬರಿಯಾದರು. "ನನ್ನ ಕೈಯಿಂದಲಾ? ನನ್ನ ಕೈಯಿಂದ ಮಗುವಿಗೆ ರೋಗ ಬಂತಾ?"

ಸೊಸೆ ಬಂದು ಅವರ ತೋಳು ಹಿಡಿದಳು. ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಗೊತ್ತಿಲ್ಲ.

ರಾಯರು ಹತ್ತಿರ ಬಂದು, "ದಾದ ಆಂಡ್ ಅಮ್ಮಾ?" ಏನಾಯಿತಮ್ಮಾ ಅಂತ ತುಳುವಿನಲ್ಲೇ ಕೇಳಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದರು. "ಇದು ಒಬ್ಬರ ಕೈಯ ತಪ್ಪಲ್ಲ. ಆ ಲೋಟ ತೊಳೆದದ್ದು ಯಾವ ನೀರಿನಲ್ಲಿ? ಟಾಕಿಯ ನೀರಿನಲ್ಲಿ. ಕೊಡ ತೊಳೆದದ್ದು? ಅದರಲ್ಲೇ. ಕೈ ತೊಳೆದದ್ದೂ ಅದರಲ್ಲೇ. ಮಷಿನ್ ಒಳ್ಳೆಯ ನೀರು ಕೊಟ್ಟಿತು, ನಾವು ಕೆಟ್ಟ ನೀರಿನ ಲೋಟ ಮುಳುಗಿಸಿದೆವು. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ಕೆಳಗೆ ನಲ್ಲಿ ಇರುವ ಪಾತ್ರೆ ತನ್ನಿ. ಕೈಗೆ ಸಾಬೂನು. ಕೊಡ, ಸೌಟು ತೊಳೆದ ಮೇಲೆ ಕುದಿಸಿದ ನೀರು ಸುರಿಯಿರಿ. ಅಷ್ಟು ಮಾಡಿದರೆ ಕೊಡ ಸರಿಯಾಗ್ತದೆ. ಟಾಕಿಯನ್ನು ಸೊಸೈಟಿ ಸರಿ ಮಾಡಬೇಕು."

"ಅಲ್ಲಿವರೆಗೆ ಏನು ಕುಡಿಯುವುದು?" ಎದುರು ಮನೆಯವಳು ಕೇಳಿದಳು. "ನಮ್ಮಲ್ಲಿ ಮಷಿನ್ ಇಲ್ಲ."

"ಕುದಿಸಿ," ಅಂದರು ಶರ್ಮಿಳಾ. "ಬೆಚ್ಚಗೆ ಮಾಡುವುದಲ್ಲ. ಕೊತಕೊತ ಕುದಿಯಬೇಕು. ಕುದಿ ಬಂದ ಮೇಲೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಬಿಟ್ಟು ಇಳಿಸಿ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಬೇರೆ ಪಾತ್ರೆಗೆ ಸುರಿದು ಮತ್ತೆ ಕೆಡಿಸಬೇಡಿ."

"ಕುದಿಸಿದರೆ ಸತ್ವ ಹೋಗ್ತದಂತೆ, ಹೌದಾ ಡಾಕ್ಟ್ರೇ?" ಜಯಲತಾ ಕೇಳಿಯೇಬಿಟ್ಟಳು. ಎಷ್ಟೋ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ.

"ಮಗುವಿಗೆ ಸತ್ವ ಸಿಗುವುದು ಊಟದಿಂದ. ಕುದಿಸಿದರೆ ಹೋಗುವುದು ಕ್ರಿಮಿ."

ನೆಲದ ಕೆಳಗಿನ ಟಾಕಿಯ ಮುಚ್ಚಳ ತೆಗೆದಾಗ ಅದರ ಒಂದು ಮೂಲೆ ಒಡೆದಿರುವುದು ಕಂಡಿತು. ಮಳೆ ನೀರು ಅಂಗಳದ ಕೊಳೆಯನ್ನೆಲ್ಲ ಹೊತ್ತು ಅದರೊಳಗೇ ಇಳಿಯುತ್ತಿತ್ತು. ಲಕ್ಷ್ಮೀಕಾಂತರು ಬಗ್ಗಿ ನೋಡಿ, ಟಾಕಿ ತೊಳೆಯುವವನಿಗೆ ಅಲ್ಲೇ ಫೋನ್ ಮಾಡಿದರು. ಆ ವಾರವೇ ಎರಡೂ ಟಾಕಿ ಖಾಲಿ ಮಾಡಿಸಿ, ಉಜ್ಜಿ ತೊಳೆಸಿ, ರಾಯರು ಹೇಳಿದ ಅಳತೆಯಲ್ಲಿ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಹೊಸ ಮುಚ್ಚಳ ಕೂರಿಸಿದರು. ಎಲ್ಲರಿಗೂ ನಿರಾಳವಾಯಿತು.

ಕೆಲವು ದಿನ ಬಿಟ್ಟು ರಾಯರು ಮತ್ತೆ ಬಾಟ್ಲಿ ಇಟ್ಟರು. ಟಾಕಿಯ ನೀರು ಮತ್ತೆ ಕಪ್ಪಾಯಿತು.

ಈಗ ಬಿಲ್ಡಿಂಗಿನಲ್ಲಿ ಗದ್ದಲವೇ ಎದ್ದಿತು. ಲಕ್ಷ್ಮೀಕಾಂತರು ಸಿಟ್ಟಾದರು. "ಹಂಗಾದ್ರ ನಿಮ್ಮ ಬಾಟ್ಲಿನೇ ಸರಿ ಇಲ್ರಿ. ಹೊರಗಿನ ನೀರು ಚಲೋ ಐತಿ ಅಂತ ನೀವೇ ಹೇಳಿದ್ರಿ. ಟಾಕಿ ತೊಳಸೇವಿ, ಮುಚ್ಚಳ ಹಾಕೇವಿ. ಮತ್ತ ಎಲ್ಲಿಂದ ಬಂತು ಹೊಲಸು, ಆಕಾಶದಿಂದ ಬಿತ್ತೇನ್ರಿ?"

"ಅವರು ಹೇಳುವುದರಲ್ಲೂ ಅರ್ಥ ಉಂಟು," ಅಂತ ಲೀಲಾಧರ ಹೆಂಡತಿಯ ಕಿವಿಯಲ್ಲಿ ಹೇಳಿದ. ಜಯಲತಾಳಿಗೂ ಹಾಗೇ ಅನಿಸಿತು. ಒಳಗೆ ಬರುವ ನೀರು ಒಳ್ಳೆಯದು. ಟಾಕಿ ಹೊಸದಾಗಿ ತೊಳೆದದ್ದು. ಒಳ್ಳೆಯದೂ ಒಳ್ಳೆಯದೂ ಸೇರಿ ಕೆಟ್ಟದ್ದು ಹೇಗಾಗುತ್ತದೆ? ಈ ದೊಡ್ಡವರಿಗೂ ಗೊತ್ತಿಲ್ಲವೋ ಏನೋ. ಹಾಗಾದರೆ ಇನ್ನು ಯಾರನ್ನು ಕೇಳುವುದು?

ರಾಯರು ಜಗಳಕ್ಕೆ ನಿಲ್ಲಲಿಲ್ಲ. "ನನಗೂ ಅರ್ಥ ಆಗ್ತಾ ಇಲ್ಲ," ಅಂದರು ಸರಳವಾಗಿ. ಆಮೇಲೆ ಹೆಂಗಸರ ಕಡೆ ತಿರುಗಿದರು. "ಬೆಳಿಗ್ಗೆ ನೀರು ಬಿಡುವಾಗ ಕಂಪೌಂಡಿನ ನಲ್ಲಿಯಲ್ಲಿ ನೀರು ಹಿಡಿಯುವವರು ಯಾರು?"

ಮೂರು ನಾಲ್ಕು ಜನ ಕೈ ಎತ್ತಿದರು. ಜಯಲತಾಳೂ ಎತ್ತಿದಳು.

"ನೀರು ಬಂದ ಕೂಡಲೇ ಹೇಗಿರ್ತದೆ? ಏನಾದರೂ ಗಮನಿಸಿದ್ದೀರಾ?"

ಜಯಲತಾಳಿಗೆ ಹೇಳಬೇಕೋ ಬೇಡವೋ ಅಂತ. ನಗುತ್ತಾರೇನೋ. ಕೊನೆಗೆ ಮೆಲ್ಲ ಹೇಳಿದಳು. "ಮೊದಲು ಪೈಪಿನಿಂದ ಬುಸ್ ಅಂತ ಗಾಳಿ ಬರ್ತದೆ ಸರ್. ಆಮೇಲೆ ಬರುವ ನೀರಿಗೆ ಸ್ವಲ್ಪ ವಾಸನೆ. ಐದು ಹತ್ತು ನಿಮಿಷ ಅಷ್ಟೇ. ಆಮೇಲೆ ಏನೂ ಇರುವುದಿಲ್ಲ. ನಾವು ಆ ನೀರನ್ನು ನೆಲ ಒರೆಸಲಿಕ್ಕೆ ಇಟ್ಕೊಳ್ತೇವೆ."

ರಾಯರ ಕಣ್ಣು ಅರಳಿತು. "ನಾನು ಬಾಟ್ಲಿ ತುಂಬಿದ್ದು ನೀರು ಬಂದು ಗಂಟೆ ಆದ ಮೇಲೆ. ನಿಮ್ಮನ್ನು ಮೊದಲೇ ಕೇಳಬೇಕಿತ್ತು."

"ಆದರೆ ಸರ್, ಅದು ಕೊಳೆ ನೀರಾದರೆ ಆಮೇಲೆ ಸರಿ ಹೇಗೆ ಆಗ್ತದೆ?"

ರಾಯರು ಒಂದು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. "ಇದು ನಿಮ್ಮ ಪೈಪು. ಇಲ್ಲೊಂದು ಸಣ್ಣ ತೂತು ಇದೆ ಅಂತ ಇಟ್ಕೊಳ್ಳಿ. ನೀರು ಜೋರಾಗಿ ಬರುವಾಗ ತೂತಿನಿಂದ ಹೊರಗೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ನೀರು ನಿಂತ ಮೇಲೆ ಪೈಪು ಖಾಲಿ. ಆಗ ಹೊರಗಿನ ಕೊಳೆಯನ್ನು ಅದೇ ತೂತಿನಿಂದ ಒಳಗೆ ಎಳ್ಕೊಳ್ತದೆ. ಮರುದಿನ ನೀರು ಬಿಟ್ಟಾಗ ಆ ಕೊಳೆ ಮೊದಲು ಬರ್ತದೆ, ನೇರ ಟಾಕಿಗೆ ಹೋಗ್ತದೆ. ಆಮೇಲೆ ಬರುವುದು ಒಳ್ಳೆಯ ನೀರು. ಆದರೆ ಟಾಕಿ ಕೆಟ್ಟಾಯಿತಲ್ಲ."

ಮರುದಿನ ಬೆಳಿಗ್ಗೆ ಮೊದಲು ಬಂದ ನೀರನ್ನು ಜಯಲತಾ ತಾನೇ ಬಾಟ್ಲಿಗೆ ಹಿಡಿದಳು. ಅದು ಕಪ್ಪಾಯಿತು.

ಲಕ್ಷ್ಮೀಕಾಂತರು ಪ್ಲಂಬರನ್ನು ಕರೆಸಿದರು. ಲೀಲಾಧರ ಹೋಟೆಲಿಗೆ ರಜೆ ಹಾಕಿ ಮಳೆಯಲ್ಲಿ ಪ್ಲಂಬರಿನ ಜೊತೆ ನಿಂತ. ರಸ್ತೆಯ ದೊಡ್ಡ ಪೈಪಿನಿಂದ ಬಿಲ್ಡಿಂಗಿಗೆ ಬರುವ ಸೊಸೈಟಿಯ ಸ್ವಂತ ಪೈಪು ಗಟಾರದ ಒಳಗಿನಿಂದಲೇ ಹಾದು ಬಂದಿತ್ತು. ಬಿಲ್ಡಿಂಗ್ ಕಟ್ಟುವಾಗ ಹತ್ತಿರದ ದಾರಿ ಅಂತ ಹಾಗೆ ಹಾಕಿದ್ದರು. ಕಪ್ಪು ನೀರಿನಲ್ಲಿ ಕೈ ಹಾಕಿ ತಡವಿದ ಪ್ಲಂಬರು ಒಂದು ಕಡೆ ನಿಂತ. ತುಕ್ಕು ಹಿಡಿದು ಪೈಪು ಬೆರಳು ತೂರುವಷ್ಟು ತಿಂದುಹೋಗಿತ್ತು. ಲೀಲಾಧರ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತ. ಗಟಾರದಲ್ಲಿ ತೇಲುತ್ತಿದ್ದದ್ದನ್ನು ನೋಡಿದ. ಮಗಳಿಗೆ ಸ್ನಾನ ಮಾಡಿಸಿದ್ದು, ಹಲ್ಲುಜ್ಜಿಸಿದ್ದು, ಅವಳ ಲೋಟ ತೊಳೆದದ್ದು ಎಲ್ಲ ಇದರಲ್ಲಿ.

"ನಾನು ಗ್ಲಾಸ್ ಎತ್ತಿ ಹಿಡಿದು ತೋರಿಸಿದೆ ನಿನಗೆ," ಅಂದ ಮನೆಗೆ ಬಂದು. "ಎಂತ ನೋಡಿದೆನೋ ನಾನು."

ಜಯಲತಾ ಅವನಿಗೆ ಕೈ ತೊಳೆಯಲು ಸಾಬೂನು ಕೊಟ್ಟಳು.

ವಾರ್ಡ್ ಆಫೀಸಿನಿಂದ ಅನುಮತಿ ತೆಗೆದು ಗಟಾರದಿಂದ ದೂರ, ಎತ್ತರದಲ್ಲಿ ಹೊಸ ಪೈಪು ಹಾಕಿಸಿದರು. ಟಾಕಿಗಳನ್ನು ಇನ್ನೊಮ್ಮೆ ತೊಳೆಸಿದರು. ಈ ಸಲ ಕಪಾಟಿನಲ್ಲಿಟ್ಟ ಬಾಟ್ಲಿಗಳು ಕಪ್ಪಾಗಲಿಲ್ಲ. ಲಕ್ಷ್ಮೀಕಾಂತರು ಅವನ್ನು ಎಲ್ಲರಿಗೂ ಎತ್ತಿ ತೋರಿಸಿ, "ನೋಡ್ರಿ, ನೋಡ್ರಿ" ಅಂದರು. ರಾಯರು ಮಾತ್ರ ಸುಮ್ಮನಿರಲಿಲ್ಲ. "ಈ ಬಾಟ್ಲಿ ಕ್ರಿಮಿಯ ಸುಳಿವು ಮಾತ್ರ ಕೊಡ್ತದೆ. ವರ್ಷಕ್ಕೆ ಎರಡು ಸಲ ಲ್ಯಾಬಿನಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ. ಮಳೆಗಾಲದ ಮೊದಲು ಒಮ್ಮೆ, ಮಳೆಗಾಲದ ನಡುವೆ ಒಮ್ಮೆ. ಟಾಕಿಯನ್ನೂ ದೀಪಾವಳಿ ಬರುವ ತನಕ ಬಿಡಬೇಡಿ." ಲಕ್ಷ್ಮೀಕಾಂತರು ಆಫೀಸಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.

ಕಳೆದ ವಾರ ಡೊಂಬಿವಲಿಯ ಮಹಿಳಾ ಮಂಡಳಿಯಲ್ಲಿ ಡಾಕ್ಟರ್ ಶರ್ಮಿಳಾ ಅವರ ಭಾಷಣ ಇತ್ತು. ಜಯಲತಾಳನ್ನೂ ಕರೆದುಕೊಂಡು ಹೋಗಿದ್ದರು. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಕಂಕುಳಲ್ಲಿ ಕೂಸು ಇಟ್ಟುಕೊಂಡವಳು, ಎದ್ದು ನಿಂತಳು.

"ಮನೆಯಲ್ಲಿ ಒಬ್ಬರು ಒಂದು ಹೇಳ್ತಾರೆ, ಮೊಬೈಲಿನಲ್ಲಿ ಇನ್ನೊಂದು ಹೇಳ್ತಾರೆ. ನನಗೆ ಏನೂ ತಿಳಿಯುವುದಿಲ್ಲ. ಕೇಳಿದರೆ ಇಷ್ಟೂ ಗೊತ್ತಿಲ್ವಾ ಅಂತಾರೆ. ಏನು ಮಾಡುವುದು?"

ಡಾಕ್ಟರು ಉತ್ತರ ಕೊಡುವ ಮೊದಲೇ ಜಯಲತಾ ಎದ್ದಳು. ಸಭೆಯಲ್ಲಿ ಮಾತಾಡಿ ಅಭ್ಯಾಸ ಇರಲಿಲ್ಲ. "ನನಗೂ ಹಾಗೇ ಆಗಿತ್ತು ತಂಗಿ. ಗೊತ್ತಿಲ್ಲ ಅಂತ ನಾಚಿಕೆಪಟ್ಟು ಕೂತೆ. ಮಗು ಕೈ ತಪ್ಪಿ ಹೋಗುವುದರಲ್ಲಿತ್ತು. ತಿಳಿಯದಿದ್ದರೆ ಕೇಳು. ಕಲಿತ ಡಾಕ್ಟರನ್ನು ಕೇಳು, ಆಶಾ ಕಾರ್ಯಕರ್ತೆಯನ್ನು ಕೇಳು. ಅವರ ಉತ್ತರ ಅರ್ಥ ಆಗದಿದ್ದರೆ ಇನ್ನೊಮ್ಮೆ ಕೇಳು. ನೀನು ನೋಡಿದ್ದು ಏನಾದರೂ ಇದ್ದರೆ ಅದನ್ನೂ ಹೇಳು. ನಗುವವರು ನಗಲಿ."

ಹುಡುಗಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಅವಳ ಪಕ್ಕಕ್ಕೇ ಬಂದು ಕೂತಳು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ನೀರೂ ತಿಳಿಯಾಗಿಯೇ ಇರಬಹುದು. ಅಷ್ಟಕ್ಕೆ ನಂಬಬೇಡಿ. ನಂಬಿಕೆ ಬರುವ ತನಕ ಕುದಿಸಿ, ಮುಚ್ಚಿಡಿ, ಕೈ ಮುಳುಗಿಸದೆ ತೆಗೆಯಿರಿ. ಶೌಚದ ನಂತರ, ಅಡುಗೆಗೆ ಮೊದಲು, ಮಗುವಿಗೆ ಉಣಿಸುವ ಮೊದಲು ಸಾಬೂನು ಹಾಕಿ ಕೈ ತೊಳೆಯಿರಿ. ಮಗುವಿಗೆ ಭೇದಿಯಾದರೆ ನೀರು, ಊಟ ನಿಲ್ಲಿಸಲೇಬೇಡಿ. ಓಆರ್‌ಎಸ್ ಕೊಡುತ್ತಾ ಇರಿ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಏನೂ ಕುಡಿಯದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಮನೆಯೊಳಗಿನದು ನೀವೇ ಮಾಡಬಹುದು. ಪೈಪು, ಟಾಕಿ ಒಬ್ಬರಿಂದ ಆಗುವ ಕೆಲಸ ಅಲ್ಲ, ಅದಕ್ಕೆ ನೆರೆಯವರನ್ನು ಸೇರಿಸಿಕೊಳ್ಳಿ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ, ಮಗುವಿನ ಶಾಲೆಯಲ್ಲಿ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮ ಮಕ್ಕಳು ಕುಡಿಯುವ ಈ ನೀರನ್ನು ಪರೀಕ್ಷೆ ಮಾಡಿಸಿದ್ದು ಯಾವಾಗ?